ತಮ್ಮನಿಗೆ ಅಮೆರಿಕದ ಕ್ರಿಕೆಟ್ ಕ್ಲಬ್‌ನಿಂದ ಕರೆ ಬಂದಿದೆ. ಹೋಗಿ ಬಂದವರು ಹೇಳಿ

ಹಾಸನದ ಅಣ್ಣ: ತಮ್ಮನಿಗೆ 24. ಎಡಗೈ ಬ್ಯಾಟಿಂಗ್, ಮೀಡಿಯಂ ಪೇಸ್, ಕೆಎಸ್‌ಸಿಎ (ಕರ್ನಾಟಕ ಕ್ರಿಕೆಟ್ ಸಂಸ್ಥೆ) ಲೀಗ್‌ನ ಎರಡನೇ ಡಿವಿಷನ್. ಡಲ್ಲಾಸ್‌ನ ಕ್ಲಬ್ ಒಂದು ಕರೆದಿದೆ. ‘ಕೋರಿ ಆಂಡರ್ಸನ್ ನ್ಯೂಜಿಲೆಂಡ್ ಬಿಟ್ಟು ಅಮೆರಿಕಕ್ಕೆ ಆಡಲಿಲ್ವಾ’ ಅಂತ ಮನೆಯಲ್ಲಿ ದಿನಾ ಅದೇ ಮಾತು. ಕಳಿಸಬಹುದಾ? ಯಾವ ವೀಸಾ ಕೇಳಬೇಕು?

ಗಂಟುಮೂಟೆ: 2022ರಲ್ಲಿ ಹೋದೆ, 14 ತಿಂಗಳಿಗೆ ವಾಪಸ್ ಬಂದೆ. ಲೆಕ್ಕ ಕೇಳಿ. ಟಿಕೆಟ್ 94,000. ಕಿಟ್ ಬ್ಯಾಗ್ 31 ಕೆ.ಜಿ. ತೂಗಿತು. ಕೌಂಟರ್ ಮುಂದೆ ನೆಲದ ಮೇಲೆ ಕೂತು ಎರಡು ಪ್ಯಾಡನ್ನೂ ಜಾಕೆಟ್ ಒಳಗೆ ತುರುಕಿಕೊಂಡೆ. ಆದರೂ 5,200 ಕಟ್ಟಿಸಿಕೊಂಡರು. ಅಲ್ಲಿ ಹೋದರೆ ಪಿಚ್ ಮೇಲೆ ಮ್ಯಾಟ್! ಹೊಸ ಸ್ಪೈಕ್ ಶೂ ಹಾಗೇ ಉಳಿಯಿತು, ರಬ್ಬರ್ ಸೋಲ್‌ಗೆ 85 ಡಾಲರ್. ಮ್ಯಾಚಿಗೆ 150 ಡಾಲರ್ ಅಂದಿದ್ದರು. ಮಳೆ ಬಂದರೆ ದುಡ್ಡಿಲ್ಲ ಅನ್ನೋದನ್ನು ಮಳೆ ಬಂದ ಮೇಲೆ ಹೇಳಿದರು. ಆಮೇಲೆ ಸೊಂಟ ಹಿಡಿಯಿತು. ಎಂಆರ್‌ಐ 1,150 ಡಾಲರ್, ಇನ್ಶೂರೆನ್ಸ್ ಇಲ್ಲ. ಬೌಲಿಂಗ್ ನಿಂತ ವಾರವೇ ಕ್ಲಬ್‌ನವರು ‘ಬರೀ ಬ್ಯಾಟ್ಸ್‌ಮನ್ ನಮ್ಮಲ್ಲೇ ಇದ್ದಾರೆ’ ಅಂದರು. ಆಂಡರ್ಸನ್‌ಗೂ ಬೆನ್ನು ಕೈಕೊಟ್ಟಿತ್ತು. ಆದರೆ ಅವರು 36 ಎಸೆತಕ್ಕೆ ಏಕದಿನ ಶತಕ ಹೊಡೆದವರು. ನಾನು ಹೊಡೆದದ್ದು ಡಿವಿಷನ್‌ನಲ್ಲಿ 61.

ಟೆಕ್ಸಾಸ್ ಸಂಜೆ: ಮ್ಯಾಟ್ ಅಂತ ಅಳೋದು ಬಿಡಿ ಸಾರ್. ಬೆಂಗಳೂರಿನಲ್ಲಿ ಮ್ಯಾಟ್ ಮೇಲೆ ಆಡಿಲ್ವಾ? ನಾನು ಎಚ್‌1ಬಿ ಅಂದರೆ ಕೆಲಸದ ವೀಸಾದಲ್ಲಿ ಬಂದವನು. ವಾರವೆಲ್ಲ ಕೋಡಿಂಗ್, ಶನಿವಾರ ಮ್ಯಾಚ್. ಆಟಕ್ಕೆ ಒಂದು ಡಾಲರ್ ಮುಟ್ಟಿಲ್ಲ, ಮುಟ್ಟಿದರೆ ವೀಸಾಗೇ ಕುತ್ತು. ಸ್ಪಿನ್ನರ್ ಹರ್ಮೀತ್ ಸಿಂಗ್ 2020ರಲ್ಲಿ ಮುಂಬೈ ಬಿಟ್ಟು ಬಂದರು, ವರ್ಷಗಟ್ಟಲೆ ಕಾದರು. 2024ರ ಮೇನಲ್ಲಿ ಅಮೆರಿಕ ಪರ ಬಾಂಗ್ಲಾದೇಶದ ಮೇಲೆ 13 ಎಸೆತಕ್ಕೆ 33, ಜೊತೆಗೆ ಆಂಡರ್ಸನ್ 34. ದೇಶ ಬಿಟ್ಟು ಬಂದ ಇಬ್ಬರು ಆಲ್‌ರೌಂಡರ್‌ಗಳೇ ಗೆಲ್ಲಿಸಿದ್ದು. ತಾಳ್ಮೆ ಇರಬೇಕು. 14 ತಿಂಗಳಿಗೆ ಓಡಿ ಬಂದವರಿಗೆ ಏನು ಗೊತ್ತು?

ಗಂಟುಮೂಟೆ: ಸಂಬಳ ಬರುವವನಿಗೆ ತಾಳ್ಮೆ ಸುಲಭ. ನಾವು ಆಡಿದ್ದು ನಾರಿನ ಮ್ಯಾಟ್. ಅಲ್ಲಿರೋದು ಪ್ಲಾಸ್ಟಿಕ್ ಹುಲ್ಲು. ಎರಡೂ ಒಂದೇ ಅನ್ನುವವರು ಬೌಲಿಂಗ್ ಮಾಡಿದ್ದಾರಾ?

ಮೂಡಿಗೆರೆ ಮಳೆ: ಅಮೆರಿಕ ಪರ ಆಡಿದ ನಮ್ಮ ನಾಸ್ತುಶ್ ಕೆಂಜಿಗೆ ಅವರನ್ನು ನೋಡಿ. 2024ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಮೇಲೆ 3 ವಿಕೆಟ್!

ಟೆಕ್ಸಾಸ್ ಸಂಜೆ: ಅವರು ಹುಟ್ಟಿದ್ದೇ ಅಲಬಾಮಾದಲ್ಲಿ ಮೇಡಂ. ವೀಸಾ ಕ್ಯೂನಲ್ಲಿ ನಿಂತವರಲ್ಲ.

ಮೂಡಿಗೆರೆ ಮಳೆ: ಹುಟ್ಟಿದ್ದು ಎಲ್ಲಾದರೂ ಆಗಲಿ, ಆಟ ಕಲಿತದ್ದು ಇಲ್ಲಿ. ಮತ್ತೆ, ನಾನು ಮೇಡಂ ಅಲ್ಲ.

ಮಸ್ಕತ್ ಮಾಜಿ: ಎಲ್ಲರಿಗೂ ಅಮೆರಿಕವೇ ಯಾಕೆ? ನಾನು ಒಮಾನ್‌ಗೆ ಹೋಗಿದ್ದೆ. ಹಗಲು ಗೋಡೌನ್‌ನಲ್ಲಿ ಸ್ಟಾಕ್ ಬರೆಯೋದು, ಸಂಜೆ ಅದೇ ಕಂಪನಿ ಟೀಮ್‌ಗೆ ಹೊಸ ಬಾಲ್ ಹಾಕೋದು. ತಿಂಗಳಿಗೆ 180 ರಿಯಾಲ್, ರೂಮ್‌ನಲ್ಲಿ ಐದು ಜನ. ಆ ದೇಶದ ತಂಡಕ್ಕೆ ಆಡಬೇಕಂದ್ರೆ ಐಸಿಸಿ ನಿಯಮಕ್ಕೆ 3 ವರ್ಷ ಅಲ್ಲೇ ವಾಸ ಇರಬೇಕು. ಎರಡು ವರ್ಷ ಎಂಟು ತಿಂಗಳಾಗಿತ್ತು, ಅಪ್ಪ ತೀರಿಕೊಂಡರು. ಊರಿಗೆ ಬಂದೆ. ತೋಟ, ಸಾಲ, ತಂಗಿ ಮದುವೆ. ನನ್ನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡರು. ನಾಲ್ಕು ತಿಂಗಳು ಅಷ್ಟೇ ಬಾಕಿ ಇದ್ದದ್ದು.

ಬಸವನಗುಡಿ ಅಂಕಲ್: ಬಿಸಿಸಿಐ ವಿಷಯ ಯಾರೂ ಎತ್ತಲಿಲ್ಲ. ಇಲ್ಲಿ ಆಡುತ್ತಾ ಹೊರಗಿನ ಲೀಗ್ ಆಡೋ ಹಾಗಿಲ್ಲ. ಭಾರತದ ಅಂಡರ್-19 ನಾಯಕನಾಗಿದ್ದ ಉನ್ಮುಕ್ತ್ ಚಂದ್ 2021ರಲ್ಲಿ ನಿವೃತ್ತಿ ಹೇಳಿಯೇ ಹೊರಟದ್ದು. ನನ್ನ ಮಗನಿಗೆ ಇದೇ ಕಾರಣಕ್ಕೆ ಬೇಡ ಅಂದೆ. ಈಗ ಬ್ಯಾಂಕಿನಲ್ಲಿದ್ದಾನೆ. ನನ್ನ ಹತ್ತಿರ ಜಾಸ್ತಿ ಮಾತಾಡಲ್ಲ.

ಹಾಸನದ ಅಣ್ಣ: ಎಲ್ಲರಿಗೂ ಥ್ಯಾಂಕ್ಸ್. ವೀಸಾ ಯಾವುದು ಅಂತ ಕೇಳಿದ್ದೆ...

ಟೆಕ್ಸಾಸ್ ಸಂಜೆ: ಮೊದಲು ಆ ನಾರಿನ ಮ್ಯಾಟ್ ವಿಷಯ ಇತ್ಯರ್ಥ ಆಗಲಿ. ನಾನು 11 ವರ್ಷ ಬೌಲಿಂಗ್ ಮಾಡಿದ್ದೇನೆ.

ಮಸ್ಕತ್ ಮಾಜಿ: ಗಂಟುಮೂಟೆಯವರೇ, ಆ ಸ್ಪೈಕ್ ಶೂ ಇನ್ನೂ ಇದೆಯಾ? ಸೈಜ್ ಎಷ್ಟು?

ಗಂಟುಮೂಟೆ: 9. ಡಬ್ಬದಲ್ಲೇ ಇದೆ. ಕೊಡಲ್ಲ.