ಲಗ್ನದ ಬ್ಯಾಂಡ್‌ದಿಂದ ಜಾಝ್‌ಗೆ ಹೋಗಬೇಕಂದ್ರ ಆಲ್ಟೋದವ್ರು ಎಲ್ಲಿಂದ ಸುರು ಮಾಡ್ಬೇಕು?

ಆಲ್ಟೋ ಕಲಬುರಗಿ:
ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲೇ ಕಲಬುರಗ್ಯಾಗ ಬ್ಯಾಂಡ್ ಪಾರ್ಟ್ಯಾಗ ಆಲ್ಟೋ ಸ್ಯಾಕ್ಸೋಫೋನ್ ಊದ್ತೀನಿ. ಸಿನಿಮಾ ಹಾಡು, ಭಜನಿ ಪದ ಕಿವೀಲೆ ಕೇಳಿ ಹಿಡೀತೀನಿ, ನೋಟೇಶನ್ ಓದೋದು ಅಷ್ಟಕ್ಕಷ್ಟೇ. ಜಾಝ್ ಕಲ್ತು, ನಾಕೈದು ಮಂದಿದು ಸ್ವಂತ ಬ್ಯಾಂಡ್ ಕಟ್ಟಿ, ಸಂಜಿಕ ಹುಡುಗರಿಗೆ ಕಲಸ್ಬೇಕು ಅಂತ ವಿಚಾರ ಅದ. ಯಾವುದು ಮೊದಲು ಮಾಡ್ಲಿ? ಕೀಬೋರ್ಡ್‌ದವ "ಸಿ ಹಿಡಿ" ಅಂದಾಗ ನಾ ಸಿ ಹಿಡಿದ್ರ ಕೂಡಂಗೇ ಇಲ್ಲ, ಅದ್ರ ಲೆಕ್ಕ ಹ್ಯಾಂಗ? ಮತ್ತ ಮೇ ತಿಂಗಳ ಬರಾತ್‌ದಾಗ (ಲಗ್ನದ ಮೆರವಣಿಗ್ಯಾಗ) ಶ್ರುತಿ ಏರ್ತದ, ಕೆಳಗಿನ ಬಿ ಫ್ಲ್ಯಾಟ್ ಅಂತೂ ಹತ್ತಂಗೇ ಇಲ್ಲ. ವಾದ್ಯದ ಸಂಗಾಟ ಬಂದಿದ್ದೇ ಮೌತ್‌ಪೀಸ್, ಅದಕ್ಕ ಕಟ್ಟೋ ತೆಳು ಪಟ್ಟಿ, ಅಂದ್ರ ರೀಡ್, ನಂಬರ್ 2.

ಕಾರ್ಕ್ ಮತ್ತು ಪ್ಯಾಡ್:
ಮೊದಲು ವಾದ್ಯ ರಿಪೇರಿ ಮಾಡಿಸ್ರಿ, ಜಾಝ್ ಆಮೇಲೆ. ಸೋರುವ ಸ್ಯಾಕ್ಸ್ ಮೇಲೆ ಅಭ್ಯಾಸ ಮಾಡಿದರೆ ತುಟಿ ಬಿಗಿ ಹಿಡಿಯುವ ಚಾಳಿ ಬೀಳುತ್ತದೆ, ಅದನ್ನು ಬಿಡಿಸುವುದು ಪ್ಯಾಡ್ (ತೂತು ಮುಚ್ಚುವ ಮೆತ್ತನೆ ಬಿಲ್ಲೆ) ಬದಲಿಸುವುದಕ್ಕಿಂತ ಕಷ್ಟ.

ಕೆಳಗಿನ ಬಿ ಫ್ಲ್ಯಾಟ್ ಹತ್ತದಿದ್ದರೆ ಎಲ್ಲರೂ ಕೆಳಗಿನ ದೊಡ್ಡ ಪ್ಯಾಡ್ ನೋಡುತ್ತಾರೆ. ಬಹಳ ಸಲ ತಪ್ಪು ಮೇಲಿರುತ್ತದೆ: ಜಿ ಶಾರ್ಪ್ ಪ್ಯಾಡ್, ಇಲ್ಲವೇ ಎಡಗೈ ತೋರುಬೆರಳಿನ ಕೆಳಗಿರುವ ಸಣ್ಣ ಬಿಸ್ ಕೀ. ಕತ್ತಲೆ ಕೋಣೆಯಲ್ಲಿ ತೆಳುವಾದ ಎಲ್‌ಇಡಿ ಸರ ಕೊಳವೆಯೊಳಗೆ ಬಿಟ್ಟು ಕೀ ಮೆಲ್ಲಗೆ ಮುಚ್ಚಿ. ಪ್ಯಾಡ್ ಅಂಚಿನಲ್ಲಿ ಬೆಳಕು ಎಲ್ಲಿ ಕಂಡಿತೋ ಗಾಳಿ ಅಲ್ಲಿ ಸೋರುತ್ತಿದೆ. ಒತ್ತಿ ಹಿಡಿದರೆ ಸೋರುವ ಪ್ಯಾಡೂ ಮುಚ್ಚಿಕೊಂಡು ಸರಿಯಿದ್ದಂತೆ ಕಾಣುತ್ತದೆ, ಅದಕ್ಕೇ ಮೆಲ್ಲಗೆ ಅಂದದ್ದು.

ಶ್ರುತಿ ಏರುವುದಕ್ಕೆ ಕಾರಣ ಕೊಳವೆಯೊಳಗಿನ ಗಾಳಿ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 3 ಸೆಂಟ್ ಏರುತ್ತದೆ, ಅರ್ಧ ಸ್ವರವೆಂದರೆ 100 ಸೆಂಟ್. ಹಾಗಾಗಿ ನೆರಳಲ್ಲಿ ಶ್ರುತಿ ಕೂಡಿಸಿ ಬಿಸಿಲಿಗೆ ಹೊರಡಬೇಡಿ. ಬಿಸಿಲಲ್ಲೇ ಐದು ನಿಮಿಷ ಊದಿ, ಆಮೇಲೆ ಮೌತ್‌ಪೀಸನ್ನು ಕುತ್ತಿಗೆ ಕೊಳವೆಯ ಕಾರ್ಕ್ ಮೇಲೆ ಸ್ವಲ್ಪ ಹೊರಗೆ ಎಳೆಯಿರಿ. ಹೊರಗೆಳೆದಾಗ ಅಲುಗಾಡಿದರೆ ಕಾರ್ಕ್ ಸವೆದಿದೆ ಎಂದು ಲೆಕ್ಕ. ಆ ದಿನದ ಮಟ್ಟಿಗೆ ಕಾಗದದ ಪಟ್ಟಿ ಸುತ್ತಿದರೆ ನಡೆಯುತ್ತದೆ.

ರೀಡ್ ನಮ್ಮ ಒಣ ಹವೆಗೆ ತುದಿಯಲ್ಲಿ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ನೀರಲ್ಲಿ ಒಂದೆರಡು ನಿಮಿಷ ನೆನೆಸಿ, ಗಾಜಿನ ಮೇಲೆ ಚಪ್ಪಟೆ ಒತ್ತಿ, ಆಮೇಲೆ ಕಟ್ಟಿ. ಮೂರ್ನಾಲ್ಕು ರೀಡ್ ಸರದಿಯಲ್ಲಿ ಬಳಸಿ. ಮೌತ್‌ಪೀಸ್ ಕೊಳ್ಳುವುದಿದ್ದರೆ ಯಮಾಹಾ 4ಸಿ ಸಾಕು. ಜಾಝ್ ಬಣ್ಣವೇ ಬೇಕೆಂದರೆ ಮೇಯರ್ 5, ಅದಕ್ಕೆ ರೀಡ್ 2½. ಬರಾತ್‌ಗೆಂದು ಬಾಯಿ ಅಗಲದ ಲೋಹದ ಮೌತ್‌ಪೀಸ್ ಮಾರುತ್ತಾರೆ. ಸದ್ದು ದೊಡ್ಡದೇ, ಆದರೆ ಮೆಲ್ಲಗೆ ಊದಲು ಹೋದರೆ ಸ್ವರ ಒಡೆಯುತ್ತದೆ.

ಎರಡು–ನಾಲ್ಕು:
ಶ್ರುತಿ ಲೆಕ್ಕ ಹೀಗೆ. ಆಲ್ಟೋ ಇ ಫ್ಲ್ಯಾಟ್ ವಾದ್ಯ. ಕೀಬೋರ್ಡ್‌ದವರು ಹೇಳಿದ ಸ್ವರದಿಂದ ಮೂರು ಅರ್ಧಸ್ವರ ಕೆಳಗಿನ ಹೆಸರು ನಿಮ್ಮದು. ಬಿಳಿ 1, ಅಂದರೆ ಸಿ, ನಿಮಗೆ ಎ. ಕಪ್ಪು 1 ನಿಮಗೆ ಬಿ ಫ್ಲ್ಯಾಟ್. ಅವರ ಎಫ್ ನಿಮಗೆ ಡಿ. ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ, ಅವರು ಎರಡು ಅರ್ಧಸ್ವರ ಮೇಲೆ ಹಿಡಿಯಬೇಕು. ಒಂದೇ ಹಾಳೆ ಮೂವರಿಗೂ ಕೊಟ್ಟರೆ ಗದ್ದಲವೇ.

ಜಾಝ್ ಸುರು ಮಾಡಲು 12 ಬಾರ್ ಬ್ಲೂಸ್, ಅಂದರೆ ನಾಲ್ಕು ನಾಲ್ಕು ಬೀಟಿನ 12 ಆವರ್ತದ ಚೌಕಟ್ಟು. ಕೀಬೋರ್ಡಿನ ಬಿ ಫ್ಲ್ಯಾಟ್, ನಿಮ್ಮ ಜಿ. ಮೊದಲ ನಾಲ್ಕು ಬಾರ್ ಜಿ7 ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಮುಂದಿನ ಎರಡು ಸಿ7, ಎರಡು ಜಿ7, ಆಮೇಲೆ ಒಂದೊಂದು ಬಾರ್ ಡಿ7, ಸಿ7, ಜಿ7, ಡಿ7. ಸ್ಕೇಲು ಓಡಿಸಬೇಡಿ. ಜಿ7ರಲ್ಲಿ ಬಿ ಮತ್ತು ಎಫ್ ಎರಡೇ ಹಿಡಿಯಿರಿ. ಸಿ7 ಬಂದ ಕೂಡಲೇ ಬಿ ಜಾರಿ ಬಿ ಫ್ಲ್ಯಾಟ್ ಆಗುತ್ತದೆ, ಎಫ್ ಜಾರಿ ಇ ಆಗುತ್ತದೆ. ಡಿ7ಕ್ಕೆ ಎಫ್ ಶಾರ್ಪ್ ಮತ್ತು ಸಿ. ಕೀಬೋರ್ಡ್ ಇಲ್ಲದೆಯೂ ಕೇಳುವವರಿಗೆ ಕಾರ್ಡ್ ಬದಲಾದದ್ದು ತಿಳಿಯಬೇಕು, ಅಲ್ಲಿಯವರೆಗೆ ಬೇರೆ ಸ್ವರ ಸೇರಿಸಬೇಡಿ. ರಾಗದ ಕಿವಿ ಇದ್ದವರು ಇಲ್ಲೇ ಮುಗ್ಗರಿಸುತ್ತಾರೆ: ಷಡ್ಜ ಕದಲದ ಅಭ್ಯಾಸ, ಆದ್ದರಿಂದ ಸಿ7 ಬಂದರೂ ಬಿ ಬಿಡುವುದಿಲ್ಲ.

ತಾಳ ಇದಕ್ಕಿಂತ ಗಟ್ಟಿ ಕೆಲಸ. ಲಗ್ನದ ಬ್ಯಾಂಡಿನಲ್ಲಿ ಒತ್ತು ಒಂದರ ಮೇಲೆ, ಪ್ರತಿ ಸ್ವರಕ್ಕೂ ನಾಲಿಗೆ. ಸ್ವಿಂಗ್‌ನಲ್ಲಿ, ಅಂದರೆ ಜಾಝ್‌ನ ತೂಗುವ ನಡೆಯಲ್ಲಿ, ನಾಲಿಗೆ ಬಡಿಯುವುದು ಎರಡು ಬೀಟಿನ ನಡುವಿನ ಸ್ವರಕ್ಕೆ, ಅಲ್ಲಿಂದ ಮುಂದಿನ ಬೀಟಿಗೆ ಕಡಿಯದೆ ಜಾರಬೇಕು. ಮೆಟ್ರೊನೋಮ್ (ತಾಳಕ್ಕೆ ಟಿಕ್ ಹೊಡೆಯುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು, ಆ ಟಿಕ್ಕನ್ನು 2 ಮತ್ತು 4 ಎಂದು ಎಣಿಸಿದರೆ ಹಾಡು 120ರಲ್ಲಿ ನಡೆಯುತ್ತದೆ. ಕಾಲು ಒಂದರ ಮೇಲೆ ಬೀಳುವುದು ನಿಲ್ಲುವವರೆಗೆ ವೇಗ ಏರಿಸಬೇಡಿ.

ಬೀದರ್ ಬೇಸ್:
ಬ್ಯಾಂಡ್ ಕಟ್ಟೋದು, ಕಲಿಸೋದು ಬ್ಯಾರೆ ಬ್ಯಾರೆ ಅಂತ ತಿಳ್ಕೋಬ್ಯಾಡ್ರಿ. ಕ್ಯಾನನ್‌ಬಾಲ್ ಆಡರ್ಲಿ ನಿಮ್ಮಂಗೇ ಆಲ್ಟೋದವ, ಫ್ಲೋರಿಡಾದಾಗ ಹೈಸ್ಕೂಲ್ ಬ್ಯಾಂಡ್ ಕಲಸ್ತಿದ್ದ, 1955ಕ್ಕ ನ್ಯೂಯಾರ್ಕಿಗೆ ಬಂದ. ಮುಂದ ತಮ್ಮ ನ್ಯಾಟ್ ಸಂಗಾಟ ಸ್ವಂತ ಕ್ವಿಂಟೆಟ್ (ಐದು ಮಂದಿ ಬ್ಯಾಂಡ್) ನಡೆಸಿದ. ಸ್ಟೇಜ್ ಮ್ಯಾಲೆ ಮಂದಿಗೆ ಹಾಡಿನ ಬಗ್ಗೆ ಮಾತಾಡಿ ಹೇಳೋದ್ರಾಗ ಅವನ ಹೆಸರು ದೊಡ್ಡದು. ಕಲಬುರಗ್ಯಾಗ ಜಾಝ್ ಊದವ್ರಿಗೆ ಅದೇ ಮೊದಲು ಬೇಕಾಗ್ತದ. ಈಗಿನವ್ರಾಗ ರುದ್ರೇಶ್ ಮಹಾಂತಪ್ಪ, ಅವ್ರೂ ಆಲ್ಟೋ. ಸ್ವಂತ ಬ್ಯಾಂಡ್ ನಡೆಸ್ಕೋತ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಾಗ ಜಾಝ್ ವಿಭಾಗ ನೋಡ್ಕೋತಾರ. ಕರ್ನಾಟಕ ಸಂಗೀತ ಊದ್ತಿದ್ದ ನಮ್ಮ ಕದ್ರಿ ಗೋಪಾಲನಾಥರ ಜೋಡಿ ಅವ್ರು ಮಾಡಿದ ಆಲ್ಬಂ 2008ರಾಗ ಬಂತು. ಎರಡು ಆಲ್ಟೋ, ಎರಡು ಪದ್ಧತಿ. ಗಮಕ ಎಲ್ಲಿ ಇಡಬೇಕು ಎಲ್ಲಿ ಬಿಡಬೇಕು ಅನ್ನೋದು ಅದ್ರಾಗ ಕೇಳಿ ತಿಳ್ಕೊಳ್ರಿ.

ಮಂದಿ ಅಂದ್ರ ಆಲ್ಟೋ, ಟ್ರಂಪೆಟ್, ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್. ನಿಂತು ಬಾರಿಸೋ ಡಬಲ್ ಬೇಸ್ ಹುಡುಕ್ಕೋತ ಕೂಡಬ್ಯಾಡ್ರಿ. ಬೇಸ್ ಗಿಟಾರ್‌ದವನೂ ಸಿಗಲಿಲ್ಲಂದ್ರ ಕೀಬೋರ್ಡ್‌ದವನ ಎಡಗೈ ಅದ. 45 ನಿಮಿಷಕ್ಕ ಏಳೆಂಟು ಹಾಡು ಸಾಕು. ಮುಷ್ಟಿ ಮಾಡಿ ತಲಿಗೆ ಹಚ್ಚಿದ್ರ ಹಾಡಿನ ಮೂಲ ಧಾಟಿಗೆ ಹೊಳ್ಳಿ, ನಾಕು ಬೆರಳು ತೋರ್ಸಿದ್ರ ಡ್ರಮ್‌ದವನ ಜೋಡಿ ನಾಕು ನಾಕು ಬಾರ್ ಅಂತ ಮೊದಲೇ ಮಾತಾಡ್ಕೊಳ್ರಿ. ಪಂಡಿತ ರಂಗಮಂದಿರದಂಥ ಹಾಲ್‌ದಾಗ ಬರಾತ್‌ದ ಜೋರು ತೋರ್ಸಿದ್ರ ಬೇಸ್ ಕೇಳಂಗೇ ಇಲ್ಲ. ಬಯಾನಾ (ಮುಂಗಡ ರೊಕ್ಕ) ಕೈಗೆ ಬರೋಮಟ ತಾರೀಖು ಪಕ್ಕಾ ಅನ್ಬ್ಯಾಡ್ರಿ, ಅದು ಲಗ್ನ ಇರ್ಲಿ ಜಾಝ್ ಇರ್ಲಿ.

ಹುಡುಗರಿಗೆ ಮೊದಲ ಪಾಠ ಮೌತ್‌ಪೀಸ್ ಮತ್ತ ಕುತ್ತಿಗಿ ಕೊಳವಿ ಎರಡರ ಮ್ಯಾಲೇ ಮಾಡ್ರಿ. ಆಲ್ಟೋದ್ದು ಸರಿ ಊದಿದ್ರ ಕೀಬೋರ್ಡಿನ ಎ ಫ್ಲ್ಯಾಟ್ ಬರ್ತದ. ಮ್ಯಾಲೆ ಹೋದ್ರ ತುಟಿ ಬಿಗಿ, ಕೆಳಗ ಇಳಿದ್ರ ಸಡ್ಲ. ಅದು ನಿಂತ ಮ್ಯಾಲೆ ಪೂರಾ ವಾದ್ಯ ಕೈಗೆ ಕೊಟ್ಟು ಬಿ, ಎ, ಜಿ. ಒಂದ್ ಬ್ಯಾಚಿಗೆ ನಾಕೇ ಮಂದಿ, ಒಬ್ಬೊಬ್ಬರಿಗೆ ಬ್ಯಾರೆ ಮೌತ್‌ಪೀಸ್. ತೊಳಿಲಿಕ್ಕೆ ತಣ್ಣೀರೇ ಇರ್ಲಿ, ಬಿಸಿನೀರಿಗೆ ಎಬೊನೈಟ್ (ಮೌತ್‌ಪೀಸಿನ ಗಟ್ಟಿ ರಬ್ಬರ್) ಬಣ್ಣ ಕೆಡ್ತದ.

ಆಲ್ಟೋ ಕಲಬುರಗಿ:
ಭಾಳ ಛಲೋ ಆತ್ರಿ. ಎಲ್‌ಇಡಿ ಬಿಟ್ಟು ನೋಡಿದೆ, ಬಲಗೈ ಕೀ ಒತ್ತಿದಾಗ ಜಿ ಶಾರ್ಪ್ ಪ್ಯಾಡ್ ಸಣ್ಣಗ ಎದ್ದು ಬೆಳಕು ಕಾಣ್ತದ. ಪ್ಯಾಡ್ ಹೊಸಾದು ಹಾಕಿಸ್ಲೇನು?

ಕಾರ್ಕ್ ಮತ್ತು ಪ್ಯಾಡ್:
ಬೇಡ. ಪ್ಯಾಡ್ ಮೇಲೆಯೇ ಬರುವ ತೋಳಿನಲ್ಲಿ ಸಣ್ಣ ಸ್ಕ್ರೂ ಇದೆ, ವಾಚ್ ರಿಪೇರಿಯವರ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು ಒಳಗೆ ತಿರುಗಿಸಿ ಮತ್ತೆ ಬೆಳಕು ನೋಡಿ. ಜಾಸ್ತಿ ತಿರುಗಿಸಿದರೆ ಜಿ ಶಾರ್ಪ್ ಮುಚ್ಚುತ್ತದೆ, ಆದರೆ ಎಫ್ ಶಾರ್ಪ್ ಪ್ಯಾಡ್ ತೆರೆದು ನಿಂತು ಎಫ್‌ನಿಂದ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ. ಎರಡೂ ಒಟ್ಟಿಗೆ ಮುಚ್ಚುವ ಜಾಗದಲ್ಲಿ ನಿಲ್ಲಿಸಿ.