ಕರಡು ಮಾಸ್ಟರ್ ಪ್ಲ್ಯಾನಿನ ರಸ್ತೆ ನಮ್ಮ ಸುರಂಗದ ಮೇಲೆ ಹೋಗುತ್ತದೆ, ಆಕ್ಷೇಪ ಹೇಗೆ ಬರೆಯುವುದು?

ತೋಟದಕರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆ–ಬದಿಯಡ್ಕ ದಾರಿಯಿಂದ ಸ್ವಲ್ಪ ಒಳಗೆ. ಪಂಚಾಯತಿನ ಹೆಸರು ಹಾಕುವುದಿಲ್ಲ, ನಾಳೆ ಅದೇ ಆಫೀಸಿಗೆ ಹೋಗಬೇಕಲ್ಲ.

ಮೊನ್ನೆ ಅಮ್ಮನ ಪಿಂಚಣಿಯ ಮಸ್ಟರಿಂಗ್ (ಪಿಂಚಣಿ ಪಡೆಯುವವರು ಬದುಕಿದ್ದಾರೆ ಅಂತ ದಾಖಲಿಸುವುದು) ಮಾಡಿಸಲು ಅಕ್ಷಯ ಕೇಂದ್ರಕ್ಕೆ, ಅಂದ್ರೆ ಸರ್ಕಾರಿ ಆನ್‌ಲೈನ್ ಸೇವೆಯ ಕೇಂದ್ರಕ್ಕೆ, ಹೋಗಿದ್ದೆ. ಸರ್ವರ್ ಡೌನ್. ಕಾಯುತ್ತಾ ಕೂತವಳಿಗೆ ಗೋಡೆಯಲ್ಲಿ ಒಂದು ನೋಟೀಸು ಕಾಣಿಸಿತು. ಮಲಯಾಳದಲ್ಲಿತ್ತು. ನನಗೆ ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ಬರುತ್ತದೆ, ಸರ್ಕಾರಿ ಮಲಯಾಳ ಬರುವುದಿಲ್ಲ. ಕೌಂಟರಿನ ಹುಡುಗಿ ಓದಿ ಹೇಳಿದಳು: ಪಂಚಾಯತಿನ ಕರಡು ಮಾಸ್ಟರ್ ಪ್ಲ್ಯಾನ್ (ಮುಂದೆ ಎಲ್ಲಿ ಮನೆ, ಎಲ್ಲಿ ರಸ್ತೆ ಅಂತ ತೋರಿಸುವ ಯೋಜನೆ) ತಯಾರಾಗಿದೆ, ನಕ್ಷೆ ಆಫೀಸಿನಲ್ಲಿದೆ, ಆಕ್ಷೇಪ ಇದ್ದವರು 60 ದಿನದೊಳಗೆ ಬರೆದು ಕೊಡಬೇಕು. ತಾರೀಕು ಲೆಕ್ಕ ಹಾಕಿದರೆ ಅದರಲ್ಲಿ 37 ದಿನ ಆಗಲೇ ಮುಗಿದಿತ್ತು.

ಮಾರನೇ ದಿನ ಪಂಚಾಯತಿಗೆ ಹೋದೆ. ಮೀಟಿಂಗ್ ಹಾಲಿನ ಗೋಡೆಯಲ್ಲಿ ಬಟ್ಟೆ ಬ್ಯಾನರಿನಷ್ಟು ದೊಡ್ಡ ನಕ್ಷೆ. ಅದರಲ್ಲಿ ಮನೆ ಹೆಸರಿಲ್ಲ, ಬೈಲಿನ ಹೆಸರಿಲ್ಲ, ಬರೀ ಸರ್ವೇ ನಂಬರು ಮತ್ತು ಬಣ್ಣ. ಹಳದಿ ಅಂದ್ರೆ ಮನೆ ಕಟ್ಟುವ ಜಾಗ, ಹಸಿರು ಅಂದ್ರೆ ಗದ್ದೆ, ಹೀಗೆ. ಅಂಗನವಾಡಿಯನ್ನು ಹುಡುಕಿ, ಅಲ್ಲಿಂದ ತೋಡಿನ ಗೆರೆ ಹಿಡಿದು, ಬೆರಳಿಟ್ಟುಕೊಂಡು ನಮ್ಮ ಮನೆಗೆ ಬಂದೆ. ನಮ್ಮ ಜಾಗ ಒಟ್ಟು 68 ಸೆಂಟ್ಸ್. ಅದರ ಹಿಂದಿನ ಗುಡ್ಡೆಯ ಸೊಂಟಕ್ಕೆ ಒಂದು ಕೆಂಪು ಚುಕ್ಕೆ ಗೆರೆ ಸುತ್ತಿದೆ. ಅದು ಏನು ಅಂತ ಕೇಳಿದೆ. '12 ಮೀಟರ್ ರಸ್ತೆ, ಪ್ರಪೋಸಲ್ ಮಾತ್ರ' ಅಂದರು.

ಆ ಗುಡ್ಡೆಯ ಹೊಟ್ಟೆಯಲ್ಲಿ ನಮ್ಮ ಸುರಂಗ ಉಂಟು.

ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಆದರೆ ಇಲ್ಲಿ ಬೆಂಗಳೂರು, ಮೈಸೂರಿನವರೂ ಓದುತ್ತಾರೆ ಅಂತ ಬರೆಯುತ್ತೇನೆ. ಸುರಂಗ ಅಂದ್ರೆ ಅಡ್ಡಕ್ಕೆ ಮಲಗಿಸಿದ ಬಾವಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಯನ್ನು ಬದಿಯಿಂದ ಕೊರೆದು, ನೀರಿನ ಒಸರು ಸಿಗುವ ತನಕ ಒಳಗೆ ಹೋಗುವುದು. ನಮ್ಮದನ್ನು ಅಜ್ಜನ ಕಾಲದಲ್ಲಿ ಇಬ್ಬರು ಪಿಕ್ಕಾಸಿನಲ್ಲೇ ತೋಡಿದ್ದು. ಒಬ್ಬ ಕೂತು ಕಡಿಯುವುದು, ಇನ್ನೊಬ್ಬ ಮಣ್ಣು ಎಳೆಯುವುದು. ಜೊತೆಗೆ ಮೇಣದ ಬತ್ತಿ ಇಟ್ಟುಕೊಳ್ಳುತ್ತಿದ್ದರಂತೆ, ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಹೊರಗೆ ಬರುವುದು. ಮೊದಲು ಅಡಿಕೆ ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ಕಾಲುವೆ) ನೀರು ಟಾಂಕಿಗೆ ಬರುತ್ತಿತ್ತು, ಈಗ ಪಿವಿಸಿ ಪೈಪು. ಮೋಟರ್ ಇಲ್ಲ, ಕರೆಂಟ್ ಬೇಡ. ಏಪ್ರಿಲಿನಲ್ಲಿ ಕಿರುಬೆರಳಿನಷ್ಟು ದಪ್ಪ ಬರುತ್ತದೆ. ಆದರೆ ಹಗಲು ರಾತ್ರಿ ನಿಲ್ಲುವುದಿಲ್ಲ. ಬೆಳಗ್ಗೆ ನೋಡುವಾಗ ಟಾಂಕಿ ತುಂಬಿರುತ್ತದೆ. ನಾಲ್ಕು ಮನೆಯವರು ಅದನ್ನೇ ಕುಡಿಯುತ್ತೇವೆ. ಪಕ್ಕದ ಮನೆಯವರು ಬೋರ್ ಹಾಕಿಸಿದ್ದರು, ಐನೂರು ಅಡಿ ಹೋಗಿ ಬಂದದ್ದು ಧೂಳು. ಅವರೂ ಈಗ ಈ ಪೈಪಿಗೇ ಕೊಡ ಹಿಡಿಯುತ್ತಾರೆ.

ನಕ್ಷೆಯಲ್ಲಿ ಸುರಂಗ ಇಲ್ಲ. ಮೇಲೆ ಪಾರೆಯಲ್ಲಿ (ಕಲ್ಲಿನ ಬಯಲಿನಲ್ಲಿ) ಮಳೆನೀರು ನಿಲ್ಲುವ ಪಳ್ಳವೂ ಇಲ್ಲ. ತೋಡಿಗೆ ಪ್ರತಿವರ್ಷ ಕಲ್ಲು ಮಣ್ಣು ಹಾಕಿ ಕಟ್ಟುವ ಕಟ್ಟವೂ ಇಲ್ಲ. ಹಾಗಾಗಿ ಗೆರೆ ಎಳೆದವರನ್ನೂ ಬಯ್ಯುವಂತಿಲ್ಲ, ಅವರ ಕಣ್ಣಿಗೆ ಅದು ಖಾಲಿ ಗುಡ್ಡೆ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಗ್ರಾಮಸಭೆಯಲ್ಲಿ ಇದರ ವಿಷಯ ಬಂದಿತ್ತಂತೆ. ನಾನು ಆ ದಿನ ಹೋಗಿದ್ದೆ. ತೆಂಗಿನ ಸಸಿಯ ಪಟ್ಟಿಯಲ್ಲಿ ಹೆಸರು ಬಂತಾ ಅಂತ ನೋಡಿ, ರಿಜಿಸ್ಟರಿಗೆ ಸಹಿ ಹಾಕಿ, ಚಾ ಕುಡಿದು ಬಂದೆ.

ಈಗ ನನಗೆ ತಿಳಿಯಬೇಕಾದದ್ದು: ಆಕ್ಷೇಪವನ್ನು ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ? ವಾರ್ಡಿನಲ್ಲಿ ಒಂದು ಪ್ರಿಂಟೆಡ್ ಫಾರ್ಮು ತಿರುಗುತ್ತಿದೆ, 'ಮಾಸ್ಟರ್ ಪ್ಲ್ಯಾನ್ ಪೂರ್ತಿ ರದ್ದು ಮಾಡಿ' ಅಂತ, ಸುಮ್ನೆ ಅದಕ್ಕೇ ಸಹಿ ಹಾಕಿದರೆ ಸಾಕಾ? ಮತ್ತೆ ನಿದ್ದೆ ಕೆಡಿಸಿದ ಪ್ರಶ್ನೆ ಇದು. ಸುರಂಗದ ಬಾಯಿ ನಮ್ಮ ಜಾಗದಲ್ಲಿದೆ. ಆದರೆ ಒಳಗೆ ಹೋಗುತ್ತಾ ಅದು ನಮ್ಮ ಗಡಿ ದಾಟಿ ಸರ್ಕಾರಿ ಗುಡ್ಡೆಯ ಅಡಿಗೆ ಹೋಗುತ್ತದೆ. ಹಾಗೆ ಬರೆದು ಕೊಟ್ಟರೆ ನಾವೇ ಅತಿಕ್ರಮಣ ಒಪ್ಪಿಕೊಂಡ ಹಾಗೆ ಆಗುತ್ತದಾ?

(ಬೈಲಿನಲ್ಲಿರುವ ನಮ್ಮ ಅಡಿಕೆ ತೋಟಕ್ಕೂ ಗದ್ದೆ ಅಂತ ಹಸಿರು ಬಣ್ಣ ಹಾಕಿದ್ದಾರೆ. ಅದು ಬೇರೆ ಕತೆ.)

ಪೇಟೆಬದಿ:

ಅಕ್ಕಾ, ತಲೆ ಕೆಡಿಸಿಕೊಳ್ಳಬೇಡಿ. ಇಂಥ ಪ್ಲ್ಯಾನು ಕಪಾಟಿನಲ್ಲೇ ಮುದಿಯಾಗುತ್ತದೆ. ಇರುವ ರಸ್ತೆಯ ಹೊಂಡ ಮುಚ್ಚಲು ದುಡ್ಡಿಲ್ಲ, ಗುಡ್ಡೆ ಕಡಿದು 12 ಮೀಟರ್ ರಸ್ತೆ ಮಾಡುತ್ತಾರಾ? ಫಾರ್ಮಿಗೆ ಸಹಿ ಹಾಕಿ ಮನೆಗೆ ಹೋಗಿ.

ಹಳೇಅಡಂಗಲ್:

ಮೇಲಿನವರ ಮಾತು ಕೇಳಬೇಡಿ. ನಾನು ರೆವಿನ್ಯೂ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು, ಬೇರೆ ಬೇರೆ ವಿಲೇಜ್ ಆಫೀಸಿನಲ್ಲಿ ಕೂತಿದ್ದೇನೆ. ಪ್ಲ್ಯಾನು ಕಪಾಟಿನಲ್ಲಿ ಇರುತ್ತದೆ, ನಿಜ. ಆದರೆ ನಾಳೆ ನಿಮ್ಮ ಮಗ ಮನೆ ಕಟ್ಟಲು ಪರ್ಮಿಟಿಗೆ ಅರ್ಜಿ ಹಾಕುವಾಗ ಕಪಾಟಿನಿಂದ ಹೊರಗೆ ಬರುತ್ತದೆ. ರಸ್ತೆ ಬಾರದಿದ್ದರೂ ಆ ಗೆರೆ ಬಿದ್ದ ಜಾಗದಲ್ಲಿ ಕಟ್ಟಲು ಬಿಡುವುದಿಲ್ಲ. ಮಾರಲು ಹೋದರೆ ಬ್ರೋಕರ್ ಮೊದಲು ಅದನ್ನೇ ಕೇಳುತ್ತಾನೆ. 2016ರ ಕೇರಳ ಟೌನ್ ಆಂಡ್ ಕಂಟ್ರಿ ಪ್ಲ್ಯಾನಿಂಗ್ ಕಾನೂನು ಆಕ್ಷೇಪಕ್ಕೆ ಅವಕಾಶ ಕೊಟ್ಟದ್ದು ಇದಕ್ಕೇ. ಕರಡು ಇರುವಾಗ ಒಂದು ಗೆರೆ ಸರಿಸುವುದು ಸುಲಭ. ಮಂಜೂರಾದ ಮೇಲೆ ಅದೇ ಗೆರೆಗೆ ತಿರುವನಂತಪುರದವರೆಗೆ ಓಡಬೇಕು.

ಕನ್ನಡದ ಬಗ್ಗೆ. ಧಾರಾಳವಾಗಿ ಬರೆಯಿರಿ. 1969ರ ಕೇರಳ ಆಡಳಿತ ಭಾಷಾ ಕಾನೂನಿನಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದ ಜೊತೆ ಪತ್ರ ವ್ಯವಹಾರ ಮಾಡುವ ಹಕ್ಕು ಇದೆ, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅನ್ನುತ್ತದೆ. ಹಕ್ಕು ಹಾಗೆ. ಬುದ್ಧಿ ಬೇರೆ. ನಿಮ್ಮ ಕಾಗದ ಪಂಚಾಯತಿನ ಗುಮಾಸ್ತರ ಮೇಜಿನಲ್ಲಿ ನಿಲ್ಲುವುದಿಲ್ಲ, ಜಿಲ್ಲಾ ಕಚೇರಿಗಳಿರುವ ವಿದ್ಯಾನಗರದ ಸಿವಿಲ್ ಸ್ಟೇಷನ್ ಕಡೆಗೆ ಹೋಗುತ್ತದೆ. ಅಲ್ಲಿ ಕೂತ ಪ್ಲ್ಯಾನರ್ ಕೊಲ್ಲಂನವರೋ ತ್ರಿಶೂರಿನವರೋ ಇರಬಹುದು. ಕನ್ನಡದ್ದೇ ಅಸಲು, ನಿಮ್ಮ ಸಹಿ ಅದಕ್ಕೇ. ಜೊತೆಗೆ ಒಂದು ಪುಟ ಮಲಯಾಳದ ಅನುವಾದ ಲಗತ್ತಿಸಿ. ಅಕ್ಷಯದ ಆ ಹುಡುಗಿಯೇ ಬರೆದುಕೊಟ್ಟಾಳು.

ಪ್ರಿಂಟೆಡ್ ಫಾರ್ಮು ಬೇಡ. ಬೇಕಾದರೆ ಸಹಿ ಹಾಕಿ, ಆದರೆ ಅದನ್ನೇ ನೆಚ್ಚಬೇಡಿ. ಮುನ್ನೂರು ಜನ ಒಂದೇ ಮಾತು ಬರೆದರೆ ಫೈಲಿನಲ್ಲಿ ಅದು ಒಂದೇ ಆಕ್ಷೇಪ. 'ಪೂರ್ತಿ ರದ್ದು ಮಾಡಿ' ಅಂದ್ರೆ 'ಪರಿಗಣಿಸಲು ಸಾಧ್ಯವಿಲ್ಲ' ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ನಿಮ್ಮದಕ್ಕೆ ಹಾಗೆ ಒಂದು ಸಾಲಿನ ಉತ್ತರ ಕೊಡಲು ಆಗಬಾರದು. ರೀಸರ್ವೇ ನಂಬರು ಹಾಕಿ, ಸುರಂಗದ ಬಾಯಿ ಯಾವ ನಂಬರಿನಲ್ಲಿ, ಗೆರೆ ಎಲ್ಲಿ ದಾಟುತ್ತದೆ, ಎಷ್ಟು ಮನೆಗೆ ಕುಡಿಯುವ ನೀರು, ಇಷ್ಟು ಸಾಕು. ಎರಡು ಪ್ರತಿ ಮಾಡಿ. ಒಂದರಲ್ಲಿ ಸೀಲು, ತಾರೀಕು, ಇನ್ವರ್ಡ್ ನಂಬರ್ (ಕಾಗದ ಬಂತು ಅಂತ ಆಫೀಸು ಹಾಕುವ ನಂಬರು) ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ.

ನಕ್ಷೆಯ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅಂತ ಯಾರಾದರೂ ಹೇಳಬಹುದು. ಹತ್ತು ರೂಪಾಯಿಯ ಕೆಲಸ, ಹಾಕಿ. ಆದರೆ ಉತ್ತರಕ್ಕೆ ಅವರಿಗೆ 30 ದಿನ ಇದೆ, ನಿಮಗೆ ಉಳಿದದ್ದು 23. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ತೋಟದ ಹಸಿರು ಬಣ್ಣ ಬಹುಶಃ ಡೇಟಾ ಬ್ಯಾಂಕಿನಿಂದ, ಅಂದ್ರೆ ಗದ್ದೆಗಳ ಸರ್ಕಾರಿ ಪಟ್ಟಿಯಿಂದ, ಬಂದದ್ದು. ಗದ್ದೆ ಉಳಿಸುವ 2008ರ ಕಾನೂನು ಜಾರಿಗೆ ಬಂದದ್ದು ಆ ವರ್ಷ ಆಗಸ್ಟ್ 12ಕ್ಕೆ. ಅದಕ್ಕೆ ಮೊದಲೇ ಅಲ್ಲಿ ಅಡಿಕೆ ಇತ್ತು ಅಂತ ತೋರಿಸಿದರೆ ಪಟ್ಟಿಯಿಂದ ತೆಗೆಸಬಹುದು. ಅದಕ್ಕೆ ಫಾರ್ಮ್ 5, ಆನ್‌ಲೈನಿನಲ್ಲಿ. ಮಾಸ್ಟರ್ ಪ್ಲ್ಯಾನಿನ ಆಕ್ಷೇಪದ ಜೊತೆ ಅದನ್ನು ಬೆರೆಸಬೇಡಿ, ಎರಡೂ ಕೆಡುತ್ತದೆ.

ಮುರಕಲ್ಲು_ಮನೆ:

ಹಳೇಅಡಂಗಲ್ ಅಣ್ಣ ಮುಖ್ಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಸುರಂಗ ಸರ್ಕಾರಿ ಗುಡ್ಡೆಯ ಅಡಿಗೆ ಹೋಗಿದೆ ಅಂತ ಬರೆಯಬೇಕಾ ಬೇಡವಾ? ನನ್ನ ಪ್ರಕಾರ ಬೇಡ. ನಮ್ಮ ಚಿಕ್ಕಪ್ಪ ಬೇಲಿಯ ಒಂದು ತಕರಾರಿನಲ್ಲಿ ಪ್ರಾಮಾಣಿಕವಾಗಿ ಎಲ್ಲ ಬರೆದು ಕೊಟ್ಟರು. ಅದೇ ಕಾಗದದ ಪ್ರತಿ ಎದುರು ಪಾರ್ಟಿಯ ಕೈಯಲ್ಲಿ ಕೋರ್ಟಿನಲ್ಲಿ ಕಾಣಿಸಿತು. ಬಾಯಿ ಎಲ್ಲಿದೆ ಅಂತ ಮಾತ್ರ ಬರೆಯಿರಿ. ಉದ್ದ ಯಾಕೆ?

ಹಳೇಅಡಂಗಲ್:

ಉದ್ದ ಬರೆಯದಿದ್ದರೆ ರಸ್ತೆ ಸುರಂಗವನ್ನು ದಾಟುತ್ತದೆ ಅಂತ ಹೇಗೆ ಹೇಳುವುದು ಮಾರಾಯ್ರೆ? ಬಾಯಿ ಕೆಳಗಿದೆ, ರಸ್ತೆ ಮೇಲಿದೆ. 'ನಿಮ್ಮ ಸುರಂಗಕ್ಕೂ ರಸ್ತೆಗೂ ಸಂಬಂಧವೇ ಇಲ್ಲ' ಅಂತ ಬರೆದುಬಿಡುತ್ತಾರೆ.

ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಸುರಂಗ ತೋಡಿದವರು ಗಡಿಕಲ್ಲು ನೋಡಿ ತೋಡಲಿಲ್ಲ, ಒಸರು ನೋಡಿ ತೋಡಿದರು. ಈ ಕಡೆಯ ಗುಡ್ಡೆಯಲ್ಲಿ ಅಂಥದ್ದು ಬೇಕಾದಷ್ಟು ಉಂಟು ಅಂತ ವಿಲೇಜ್ ಆಫೀಸಿನವರಿಗೂ ಗೊತ್ತು. ಬರೆಯುವ ರೀತಿ ನೋಡಿಕೊಳ್ಳಿ. 'ಗುಡ್ಡೆಯ ಅಡಿಯ ಜಾಗ ನನ್ನದು' ಅನ್ನಬೇಡಿ. 'ನಾಲ್ಕು ಮನೆಗೆ ಕುಡಿಯುವ ನೀರಿನ ಮೂಲ, ಅಜ್ಜನ ಕಾಲದಿಂದ ಬಳಕೆಯಲ್ಲಿದೆ, ಅದರ ಮೇಲೆ ಗೆರೆ ಹೋಗಿದೆ' ಅನ್ನಿ. ಜಾಗ ಕೇಳುತ್ತಿಲ್ಲ, ಗೆರೆ ಸರಿಸಲು ಕೇಳುತ್ತಿದ್ದೀರಿ. ಆ ಗುಡ್ಡೆ ನಿಮ್ಮದಲ್ಲದಿದ್ದರೂ ಆಕ್ಷೇಪ ಕೊಡಬಹುದು, ಪಟ್ಟೆ (ಜಾಗದ ಹಕ್ಕುಪತ್ರ) ಇದ್ದವರೇ ಕೊಡಬೇಕು ಅಂತ ಇಲ್ಲ. ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಕೊಡುವ ಮೊದಲು ವಕೀಲರಿಗೆ ಒಮ್ಮೆ ಓದಿಸಿ.

ಕಟ್ಟದಬದಿ:

ನಾನು ಸಿವಿಲ್ ಡಿಪ್ಲೊಮಾ ಮಾಡಿದವನು, ಸೈಟ್ ಕೆಲಸ. ಕಾನೂನು ಗೊತ್ತಿಲ್ಲ, ಗುಡ್ಡೆ ಗೊತ್ತು. ಇಳಿಜಾರಿನಲ್ಲಿ 12 ಮೀಟರ್ ರಸ್ತೆ ಅಂದ್ರೆ 12 ಮೀಟರ್ ಮಾತ್ರ ಕಡಿಯುವುದಲ್ಲ. ಮೇಲಿನ ಬದಿಯಲ್ಲಿ ಗೋಡೆಯ ಹಾಗೆ ಎತ್ತರದ ಕಟಿಂಗ್ ಬರುತ್ತದೆ. ಮುರಕಲ್ಲು ಸ್ಪಂಜಿನ ಹಾಗೆ, ಮಳೆನೀರು ಹಿಡಿದು ನಿಧಾನ ಬಿಡುತ್ತದೆ. ಅದರ ಕೆಳಗಿನ ಜೇಡಿ ಪದರದ ಮೇಲೆ ನೀರು ಹರಿಯುತ್ತದೆ, ನಿಮ್ಮ ಸುರಂಗಕ್ಕೆ ಬರುವುದೂ ಅಲ್ಲಿಂದಲೇ ಇರಬೇಕು. ಕಟಿಂಗ್ ಆ ಪದರಕ್ಕೆ ಮುಟ್ಟಿದರೆ ನೀರು ರಸ್ತೆಯ ಚರಂಡಿಯಲ್ಲಿ ಇಳಿದು ಹೋಗುತ್ತದೆ. ಸುರಂಗ ಕುಸಿಯಬೇಕಾಗಿಯೇ ಇಲ್ಲ, ಹಾಗೇ ಒಣಗುತ್ತದೆ. ಹೈವೇಗೆ ಕಡಿದ ಚೆರುವತ್ತೂರಿನ ವೀರಮಲೆ ಗುಡ್ಡೆ 2025ರ ಮಳೆಗಾಲದಲ್ಲಿ ರಸ್ತೆಗೇ ಜರಿದದ್ದು ನೆನಪಿದೆಯಲ್ಲ? ಅದನ್ನೂ ಒಂದು ಸಾಲು ಬರೆಯಿರಿ, ಸುರಕ್ಷೆಯ ವಿಷಯ ಅಂದ್ರೆ ಬೇಗ ಕಿವಿ ಕೊಡುತ್ತಾರೆ.

ಸುರಂಗ ಅಳೆಯಿರಿ. ಬಾಯಿಯಿಂದ ಹಗ್ಗ ಹಿಡಿದು, ತಿರುವು ಇದ್ದಲ್ಲಿ ಮೊಬೈಲಿನ ಕಂಪಾಸ್ ನೋಡಿ ಬರೆದುಕೊಂಡು ಹೋಗಿ. ಮತ್ತೆ ಅದನ್ನೇ ಗುಡ್ಡೆಯ ಮೇಲೆ ಹಗ್ಗ ಹಿಡಿದು ಗುರುತು ಮಾಡಿ. ಒಬ್ಬರೇ ಹೋಗಬೇಡಿ. ಬಾವಲಿ, ಹಾವು ಇರುತ್ತದೆ.

ಪೇಟೆಬದಿ:

ಪರ್ಮಿಟಿನ ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ಮುನಿಸಿಪಾಲಿಟಿಯ ನಕ್ಷೆಯನ್ನೂ ಒಮ್ಮೆ ನೋಡಬೇಕು ಅಂತ ಕಾಣುತ್ತದೆ. ನನ್ನ ಹಿತ್ತಿಲಿನಲ್ಲಿ ಯಾವ ಗೆರೆ ಉಂಟೋ.

ತೋಟದಕರೆ:

ಎಲ್ಲರಿಗೂ ಉಪಕಾರ ಆಯಿತು. ಆದದ್ದನ್ನು ಹೇಳುತ್ತೇನೆ.

ಭಾನುವಾರ ಸುರಂಗ ಅಳೆದೆವು. ನಾನು, ಪಕ್ಕದ ಮನೆಯ ಮಾವ (ಬೋರ್ ಹಾಕಿಸಿದವರೇ), ಅವರ ಮಗ. ನಾನು ಮದುವೆಯಾಗಿ ಹೋಗಿ, ತಿರುಗಿ ಬಂದು, ಇಷ್ಟು ವರ್ಷ ಅದರ ನೀರು ಕುಡಿದರೂ ಒಳಗೆ ಹೋದದ್ದು ಇದೇ ಮೊದಲು. ಸೊಂಟ ಬಗ್ಗಿಸಿ ಹೋಗಬೇಕು, ನೀರು ಪಾದ ಮುಳುಗುವಷ್ಟು, ಐಸಿನ ಹಾಗೆ ತಂಪು. ಗೋಡೆಯಲ್ಲಿ ಪಿಕ್ಕಾಸಿನ ಗೀರು ಮೊನ್ನೆ ಕಡಿದ ಹಾಗೆ ಕಾಣುತ್ತದೆ. 61 ಕೋಲು ಬಂತು. ಕೋಲು ಅಂದ್ರೆ ಎರಡೂವರೆ ಅಡಿಗೆ ಸ್ವಲ್ಪ ಕಡಿಮೆ, ಒಟ್ಟು ಸುಮಾರು 44 ಮೀಟರ್. ಮೇಲೆ ಹಗ್ಗ ಹಿಡಿದು ನೋಡಿದರೆ ಕೆಂಪು ಗೆರೆ ಬರುವ ಜಾಗ ಹೆಚ್ಚುಕಡಿಮೆ ಕೊನೆಯ ಹತ್ತು ಕೋಲಿನ ಮೇಲೆ. ಒಸರು ಇರುವುದೂ ಅಲ್ಲೇ.

ಉದ್ದ ಬರೆದೆ. ಮುರಕಲ್ಲು_ಮನೆಯವರೇ, ನಿಮ್ಮ ಮಾತು ಮನಸ್ಸಿನಲ್ಲಿಟ್ಟುಕೊಂಡೇ ಬರೆದೆ, 'ನೀರಿನ ಮೂಲ' ಅಂತ ಮಾತ್ರ. ನಾಲ್ಕು ಮನೆಯವರೂ ಬೇರೆ ಬೇರೆ ಕಾಗದ ಕೊಟ್ಟೆವು, ಕನ್ನಡದಲ್ಲಿ, ಹಿಂದೆ ಮಲಯಾಳದ ಪುಟ. ಗೆರೆಯನ್ನು ಎಲ್ಲಿಗೆ ಸರಿಸಬಹುದು ಅಂತಲೂ ಬರೆದಿದ್ದೇವೆ. ಅಂಗನವಾಡಿಯ ಹತ್ತಿರ ಈಗಾಗಲೇ ಮಣ್ಣಿನ ರಸ್ತೆ ಉಂಟು, ಅದನ್ನು ಅಗಲ ಮಾಡಬಹುದು. ಅಲ್ಲಿಯ ಇಬ್ಬರಿಗೆ ಅದರಿಂದ ಪಾಗಾರ (ಕಂಪೌಂಡ್ ಗೋಡೆ) ಹೋಗುತ್ತದೆ. ಅವರಿಗೆ ಮೊದಲೇ ಹೇಳಿದ್ದೇನೆ. ಒಬ್ಬರು ಸರಿ ಅಂದರು. ಇನ್ನೊಬ್ಬರು ಈಗ ನನ್ನ ಜೊತೆ ಮಾತಾಡುತ್ತಿಲ್ಲ.

ಗುಮಾಸ್ತರು ಕನ್ನಡದ ಕಾಗದ ನೋಡಿ ಒಂದು ನಿಮಿಷ ಸುಮ್ಮನಾದರು, ಮತ್ತೆ ಸೀಲು ಹಾಕಿದರು. ಇನ್ವರ್ಡ್ ನಂಬರ್ ನಾಲ್ಕಕ್ಕೂ ಸಿಕ್ಕಿದೆ. ವಿಚಾರಣೆಗೆ ಕರೆದರೆ ಅಮ್ಮನೂ ಬರುತ್ತಾರಂತೆ. ಒಂದು ಬಾಟಲಿ ನೀರು ತುಂಬಿಸಿ ತೆಗೆದುಕೊಂಡು ಹೋಗೋಣ ಅನ್ನುತ್ತಿದ್ದಾರೆ, ಪ್ಲ್ಯಾನರಿಗೆ ಕುಡಿಯಲು.