ಅಟಾರಿ 2600 ವಿಡಿಯೋ ಚೆಸ್: ನಡೆ ಕೊಟ್ಟ ಕೂಡಲೇ ಬೋರ್ಡ್ ಮಾಯವಾಗಿ ಪರದೆ ಮಿಣುಕುತ್ತದೆ, ಕಾರ್ಟ್ರಿಜ್ ಕೆಟ್ಟಿದೆಯೇ?

ಕಾಲಾಳು64:
ಅಮೆರಿಕದಿಂದ ಬಂದ ನಾಲ್ಕು ಸ್ವಿಚ್ಚಿನ ಅಟಾರಿ 2600 (ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಕನ್ಸೋಲ್), ಜೊತೆಗೆ ವಿಡಿಯೋ ಚೆಸ್ ಕಾರ್ಟ್ರಿಜ್. ಟಿವಿ ಇಲ್ಲಿಯದು, ಆ್ಯಂಟೆನಾ ಸಾಕೆಟ್ಟಿಗೆ ಆರ್‌ಎಫ್ ಕೇಬಲ್ ಹಾಕಿದೆ. ಬೋರ್ಡು, ಕಾಯಿ ಎಲ್ಲ ಕಾಣುತ್ತವೆ. ಕಾಯಿ ನಡೆಸಿದ ತಕ್ಷಣ ಬೋರ್ಡ್ ಪೂರ್ತಿ ಹೋಗಿ ಪರದೆ ಮಿಣುಕಲು ಶುರು. ಸ್ವಲ್ಪ ಹೊತ್ತಾದ ಮೇಲೆ ತಾನೇ ವಾಪಸ್ ಬರುತ್ತದೆ. ಚಿತ್ರ ಕಪ್ಪು-ಬಿಳುಪು, ಸದ್ದಿನ ಜಾಗದಲ್ಲಿ ಬರೀ ಗುಸುಗುಸು. ಕಾಯಿಗಳ ಮೇಲೆ ಅಡ್ಡಗೆರೆ ಬೇರೆ. ಕಾರ್ಟ್ರಿಜ್ ಪಿನ್‌ಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೂ ಹಾಗೇ ಇದೆ. ಇನ್ನೊಂದು ಪ್ರಶ್ನೆ: ಒಂಬತ್ತು ವರ್ಷದ ಹುಡುಗಿಗೆ ಚೆಸ್ ಕಲಿಸಲು ಇದು ಆಗುತ್ತದೆಯೇ?

ಸ್ಕ್ಯಾನ್‌ಲೈನ್:
ಕಾರ್ಟ್ರಿಜ್ ಚೆನ್ನಾಗಿಯೇ ಇದೆ. ಬೋರ್ಡ್ ಮಾಯವಾಗುವುದು ಮತ್ತು ಕಾಯಿಯ ಮೇಲಿನ ಗೆರೆ, ಎರಡೂ 1979ರಲ್ಲಿ ಬೇಕೆಂದೇ ಮಾಡಿದವು. ಸದ್ದು ಮತ್ತು ಬಣ್ಣದ ತೊಂದರೆ ಮಾತ್ರ ನಿಜವಾದ ತೊಂದರೆ. ಅದಕ್ಕೂ ಚೆಸ್ಸಿಗೂ ಸಂಬಂಧ ಇಲ್ಲ.

2600ರಲ್ಲಿ ಚಿತ್ರ ಇಟ್ಟುಕೊಳ್ಳುವ ಮೆಮೊರಿಯೇ ಇಲ್ಲ. ಇರುವುದು ಒಟ್ಟು 128 ಬೈಟ್ ರ್‍ಯಾಮ್, ಕಿಲೋಬೈಟ್ ಅಲ್ಲ. 64 ಮನೆಗೆ ಒಂದೊಂದು ಬೈಟ್ ಕೊಟ್ಟರೆ ಅರ್ಧ ಅಲ್ಲೇ ಮುಗಿಯಿತು. ಹಾಗಾಗಿ ಟಿವಿಯ ಒಂದೊಂದು ಗೆರೆಯನ್ನೂ ಪ್ರೊಸೆಸರ್ ಆ ಕ್ಷಣದಲ್ಲೇ ಬಿಡಿಸಬೇಕು. ಪ್ರೊಸೆಸರ್ 6507, ವೇಗ 1.19 ಮೆಗಾಹರ್ಟ್ಸ್. ಒಂದು ಗೆರೆಗೆ ಸಿಗುವುದು 76 ಸೈಕಲ್. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಚಿತ್ರವೊಂದರಲ್ಲಿ 262 ಗೆರೆ, ಅದರಲ್ಲಿ ಸುಮಾರು 192 ಗೆರೆ ಕಣ್ಣಿಗೆ ಕಾಣುವ ಭಾಗ. ಬೋರ್ಡ್ ತೋರಿಸುತ್ತಲೇ ಯೋಚಿಸಬೇಕೆಂದರೆ ಉಳಿದ 70 ಗೆರೆಯ ಸಮಯದಲ್ಲೇ ಯೋಚಿಸಬೇಕು. 15 ಸೆಕೆಂಡಿನ ಲೆಕ್ಕಕ್ಕೆ ಹತ್ತಿರಹತ್ತಿರ ಒಂದು ನಿಮಿಷ ಹಿಡಿಯುತ್ತಿತ್ತು. ಅದಕ್ಕೆ ಯೋಚಿಸುವಾಗ ಚಿತ್ರ ಬಿಡಿಸುವುದನ್ನೇ ನಿಲ್ಲಿಸಿ, ಪರದೆಯ ಬಣ್ಣವನ್ನು ಮಾತ್ರ ಬದಲಿಸುತ್ತಾ ಹೋಗುತ್ತದೆ. ನಿಮ್ಮದು ಕಪ್ಪು-ಬಿಳುಪಾದ್ದರಿಂದ ಮಿಣುಕಿದಂತೆ ಕಾಣುತ್ತಿದೆ. ಆ ಹೊತ್ತಿನಲ್ಲಿ ಟಿವಿ "ಸಿಗ್ನಲ್ ಇಲ್ಲ" ಎಂದರೂ ಕನ್ಸೋಲ್ ಆರಿಸಬೇಡಿ, ಆಟ ಹೋಗುತ್ತದೆ.

ಕಾಯಿಗಳ ಮೇಲಿನ ಅಡ್ಡಗೆರೆಗಳ ವಿಷಯ ಇನ್ನೂ ಸೊಗಸು. ಚಿತ್ರ ಬಿಡಿಸುವ ಟಿಐಎ ಚಿಪ್‌ನಲ್ಲಿ ಆಟಗಾರನ ಸ್ಪ್ರೈಟ್ (ಪರದೆಯ ಮೇಲೆ ಸರಿಸಬಹುದಾದ ಪುಟ್ಟ ಚಿತ್ರ) ಎರಡೇ. ಒಂದೊಂದನ್ನು ಮೂರು ಸಲ ನಕಲು ಮಾಡಬಹುದು, ಅಂದರೆ ಒಂದು ಗೆರೆಯಲ್ಲಿ ಆರು. ಚೆಸ್ಸಿಗೆ ಎಂಟು ಬೇಕು. ಈ ಆಟದ ಪ್ರೋಗ್ರಾಂ ಬರೆದ ಬಾಬ್ ವೈಟ್‌ಹೆಡ್ ಮಾಡಿದ ಉಪಾಯ ಇಷ್ಟು: ಒಂದು ಗೆರೆಯಲ್ಲಿ ನಾಲ್ಕು ಕಾಯಿಯ ತುಂಡು, ಮುಂದಿನ ಗೆರೆಯಲ್ಲಿ ಪಕ್ಕದ ನಾಲ್ಕರ ತುಂಡು. ಹಾಗೆ ಪ್ರತಿ ಕಾಯಿಯೂ ಕಿಟಕಿಯ ಅಡ್ಡಪಟ್ಟಿ ಪರದೆಯಂತೆ ಕಾಣುತ್ತದೆ. ಇಡೀ ಆಟ 4 ಕಿಲೋಬೈಟ್‌ನಲ್ಲಿ! ಎಷ್ಟು ಸಲ ಯೋಚಿಸಿದರೂ ಬೆರಗಾಗುವ ಕೆಲಸ. ಫಿಲಿಪ್ಸ್‌ನವರು ತಮ್ಮ ವಿಡಿಯೋಪ್ಯಾಕ್ ಕನ್ಸೋಲ್‌ಗೆ ಚೆಸ್ ತರಲು ಸಿ7010 ಮಾಡ್ಯೂಲಿನೊಳಗೆ ಎನ್‌ಎಸ್‌ಸಿ800 ಎಂಬ ಇನ್ನೊಂದು ಪ್ರೊಸೆಸರನ್ನೇ ಇಡಬೇಕಾಯಿತು.

ಬೆಸುಗೆ:
ಸದ್ದಿನ ಕಾರಣ: ಅಮೆರಿಕದ ಆರ್‌ಎಫ್‌ನಲ್ಲಿ ಧ್ವನಿ, ಚಿತ್ರದ ಅಲೆಯಿಂದ 4.5 ಮೆಗಾಹರ್ಟ್ಸ್ ದೂರದಲ್ಲಿರುತ್ತದೆ. ನಮ್ಮ ಪಾಲ್ ಪದ್ಧತಿಯ ಟಿವಿ ಅದನ್ನು 5.5ರಲ್ಲಿ ಹುಡುಕುತ್ತದೆ. ಬಣ್ಣದ ಸಂಕೇತವೂ ಬೇರೆ. ಮೊದಲು ಕನ್ಸೋಲಿನ ಟಿವಿ ಟೈಪ್ ಸ್ವಿಚ್ ಕಲರ್ ಕಡೆಗಿದೆಯೇ ನೋಡಿ. ಇದ್ದರೂ ಬಣ್ಣ ಬಾರದಿದ್ದರೆ ಟ್ಯೂನಿಂಗ್‌ನಲ್ಲಿ ಸಮಯ ಕಳೆಯಬೇಡಿ. ಒಳಗೆ ಕಾಂಪೋಸಿಟ್ ವಿಡಿಯೋ ಬೋರ್ಡ್ (ಚಿತ್ರವನ್ನು ಆ್ಯಂಟೆನಾ ಬದಲು ನೇರ ತಂತಿಯಲ್ಲಿ ಕೊಡುವುದು) ಬೆಸುಗೆ ಹಾಕಿಸಿ ಎವಿ ಸಾಕೆಟ್ಟಿಗೆ ಕೊಡಿ. ಅಲ್ಲಿ ಎನ್‌ಟಿಎಸ್‌ಸಿ ಒಪ್ಪುವ ಟಿವಿಗಳು ಹೆಚ್ಚು, ಧ್ವನಿಗೆ ಪ್ರತ್ಯೇಕ ತಂತಿ ಇರುವುದರಿಂದ ಆ 4.5ರ ರಗಳೆಯೇ ಇಲ್ಲ. ಈ ಆಟಕ್ಕೆ ಸದ್ದು ಬೇಕು: ತಪ್ಪು ನಡೆ ಇಟ್ಟರೆ ಎಚ್ಚರಿಕೆ ಬರುವುದು ಸದ್ದಿನಲ್ಲೇ.

ಅಡಾಪ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅಮೆರಿಕದ್ದು 120 ವೋಲ್ಟಿನದು, ನಮ್ಮ 230ಕ್ಕೆ ಚುಚ್ಚಿದರೆ ಸುಡುತ್ತದೆ. ಇಲ್ಲೇ 9 ವೋಲ್ಟ್ ಡಿಸಿ, ಕನಿಷ್ಠ 500 ಮಿಲಿಆ್ಯಂಪ್, 3.5 ಮಿಮೀ ಮೋನೋ ಪ್ಲಗ್, ತುದಿ ಪಾಸಿಟಿವ್ ಇರುವುದನ್ನು ತಗೊಳ್ಳಿ. 12 ವೋಲ್ಟ್ ಬೇಡ, ಒಳಗೆ ವೋಲ್ಟೇಜ್ ಇಳಿಸುವ 7805 ರೆಗ್ಯುಲೇಟರ್ ಬಿಸಿಯಾಗುತ್ತದೆ. ಪ್ಲಗ್ಗನ್ನು ಮೊದಲು ಕನ್ಸೋಲಿಗೆ ಹಾಕಿ, ಆಮೇಲೆ ಗೋಡೆಯ ಸ್ವಿಚ್ ಒತ್ತಿ. ವಿದ್ಯುತ್ ಇರುವಾಗ ತೂರಿಸಿದರೆ ಪ್ಲಗ್ಗಿನ ತುದಿ ಸಾಕೆಟ್ಟಿನ ಅಂಚಿಗೆ ತಾಗಿ ಶಾರ್ಟ್ ಆಗಬಹುದು.

ಕುದುರೆನಡೆ:
ಕಲಿಕೆಯ ಪ್ರಶ್ನೆಗೆ: ಆಗುತ್ತದೆ, ಆದರೆ ಶುರುವಿನ ನಡೆಗಳನ್ನು ಇದರಿಂದ ಕಲಿಸಬೇಡಿ. ಇದರ ಆಟ ಕಿರುನೋಟದ್ದು. ಕೆಲವೇ ನಡೆ ಮುಂದೆ ನೋಡಿ ಕಾಯಿ ಲೆಕ್ಕ ಹಾಕುತ್ತದೆ, ಯೋಜನೆ ಇಲ್ಲ. ಅದನ್ನು ನೋಡಿ ಮಗು ಅನುಕರಿಸಿದರೆ ಕೆಟ್ಟ ಅಭ್ಯಾಸ ಬೀಳುತ್ತದೆ.

ಹಂತಗಳ ಎಣಿಕೆಯಲ್ಲಿ ಎಡವಬೇಡಿ. ಎಲ್ಲಕ್ಕಿಂತ ಸುಲಭದ್ದು 8, ನಡೆಗೆ ಸುಮಾರು 10 ಸೆಕೆಂಡು. ಆಮೇಲೆ 1, ಸುಮಾರು 15 ಸೆಕೆಂಡು. ಅಲ್ಲಿಂದ ಏರುತ್ತಾ ಹೋಗಿ 7ರಲ್ಲಿ ಒಂದು ನಡೆಗೆ 10 ಗಂಟೆ. ಮಗುವಿಗೆ 8 ಮತ್ತು 1 ಸಾಕು. ಮೇಲಿನ ಹಂತಗಳಲ್ಲಿ ಇದು ನಿಯಮ ಮೀರಿ ಕಾಯಿ ಸರಿಸುತ್ತದೆ ಎಂಬ ದೂರು ಹಳಬರಲ್ಲಿ ಇದ್ದೇ ಇದೆ.

ಪಕ್ಕದಲ್ಲಿ ನಿಜವಾದ ಬೋರ್ಡ್ ಇಟ್ಟುಕೊಂಡು ಪ್ರತಿ ನಡೆಯನ್ನೂ ಅದರ ಮೇಲೂ ಆಡಿಸಿ, ಕಾಗದದಲ್ಲಿ ಬರೆಸಿ. ಪರದೆ ಮಿಣುಕುವಾಗ ಮಗು ನೋಡಬೇಕಾದ್ದು ಆ ಬೋರ್ಡನ್ನು: "ಈಗ ಅದು ಏನು ಆಡಬಹುದು?" ಆ 10 ಸೆಕೆಂಡು ಎದುರಾಳಿಯ ಕಡೆಯಿಂದ ಯೋಚಿಸುವ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ.

ಮನೆಯಲ್ಲಿ ದೇಸಿ ಕ್ರಮ ಕಲಿತಿದ್ದರೆ, ಅಂದರೆ ಕಾಲಾಳು ಒಂದೇ ಮನೆ, ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಇಲ್ಲ ಎಂದಿದ್ದರೆ, ಮೊದಲೇ ತಿದ್ದಿ. ಯಂತ್ರಕ್ಕೆ ಅಂತರರಾಷ್ಟ್ರೀಯ ನಿಯಮವೇ ಗೊತ್ತು. ಆನ್ ಪಾಸಾನ್‌ನಲ್ಲಿ (ಎರಡು ಮನೆ ಜಿಗಿದ ಕಾಲಾಳನ್ನು ಪಕ್ಕದ ಕಾಲಾಳು ಹೊಡೆಯುವ ನಿಯಮ) ಕಾಲಾಳು ಹೋದರೆ ಮಗು "ಮೋಸ" ಎನ್ನುತ್ತದೆ.

ಇದರ ನಿಜವಾದ ಬೆಲೆ ಕೊನೆಯಾಟದಲ್ಲಿ. ಎಡ ಡಿಫಿಕಲ್ಟಿ ಸ್ವಿಚ್ಚನ್ನು ಎ ಕಡೆಗೆ ಸರಿಸಿದರೆ ನಿಮಗೆ ಬೇಕಾದಂತೆ ಕಾಯಿ ಜೋಡಿಸಬಹುದು, ಬಿ ಕಡೆಗೆ ತಂದರೆ ಆಟ. ನಾಲ್ಕು ಸ್ವಿಚ್ಚಿನ ಕನ್ಸೋಲಿನಲ್ಲಿ ಅದು ಹಿಂಬದಿಯಲ್ಲಿದೆ. ಎದುರಾಳಿಯ ಒಂಟಿ ರಾಜನಿಗೆ ಮೊದಲು ರಾಜನ ಜೊತೆ ಎರಡು ಆನೆ, ಆಮೇಲೆ ಮಂತ್ರಿ, ಆಮೇಲೆ ಒಂದೇ ಆನೆ. ಅದಾದ ಮೇಲೆ ಈ ಸ್ಥಿತಿ: ಬಿಳಿ ರಾಜ ಡಿ6 (ಡಿ ಕಂಬ, ಆರನೇ ಸಾಲು), ಬಿಳಿ ಕಾಲಾಳು ಡಿ5, ಕಪ್ಪು ರಾಜ ಡಿ8. ಯಾರ ಸರದಿಯಾದರೂ ಬಿಳಿಗೇ ಗೆಲುವು. ಬಿಳಿಯ ಸರದಿಯಾದರೆ: ಬಿಳಿ ರಾಜ ಸಿ6, ಕಪ್ಪು ಸಿ8. ಕಾಲಾಳು ಡಿ6, ಕಪ್ಪು ಡಿ8. ಕಾಲಾಳು ಡಿ7, ಕಪ್ಪು ಇ7. ರಾಜ ಸಿ7, ಮುಂದಿನ ನಡೆಗೆ ಕಾಲಾಳು ಮಂತ್ರಿಯಾಗುತ್ತದೆ. ಗಮನಿಸಬೇಕಾದ್ದು: ಕಾಲಾಳು ಏಳನೇ ಸಾಲಿಗೆ ಚೆಕ್ ಕೊಡದೆ ಕಾಲಿಟ್ಟಿತು. ಚೆಕ್ ಕೊಟ್ಟು ಹೋಗಿದ್ದರೆ ಕಪ್ಪು ರಾಜ ಅದರ ಮುಂದೆ ನಿಂತು, ಕೊನೆಗೆ ಕಾಲಾಳು ಬಿಡಬೇಕು ಇಲ್ಲವೇ ಸ್ಟೇಲ್‌ಮೇಟ್ (ಚೆಕ್ ಇಲ್ಲದೆ ಆಡಲು ನಡೆಯೇ ಉಳಿಯದ ಡ್ರಾ).

ಕಾಲಾಳು64:
ಟಿವಿ ಟೈಪ್ ಸ್ವಿಚ್ ಕಲರ್ ಕಡೆಗೇ ಇದೆ, ಹಾಗಾದರೆ ಕಾಂಪೋಸಿಟ್ಟೇ ದಾರಿ. ಒಂದು ನಡೆ ಹಿಂದಕ್ಕೆ ತಗೊಳ್ಳುವುದು ಹೇಗೆ?

ಸ್ಕ್ಯಾನ್‌ಲೈನ್:
ಕನ್ಸೋಲಿನಲ್ಲಿ ಜೋಡಿಸುವ ಸ್ವಿಚ್ಚಿನಿಂದ ಕಾಯಿಯನ್ನು ಕೈಯಾರೆ ಹಿಂದಿನ ಮನೆಗೆ ಇಡಬೇಕು. ಬೆಸುಗೆ ಆಗುವ ತನಕ ಕಂಪ್ಯೂಟರಿನಲ್ಲಿ ಸ್ಟೆಲ್ಲಾ ಎಮ್ಯುಲೇಟರ್ (ಅಟಾರಿಯನ್ನು ಅನುಕರಿಸುವ ತಂತ್ರಾಂಶ) ಬಳಸಿ: ಎಫ್9 ಕೀ ಒತ್ತಿದರೆ ಆ ಸ್ಥಿತಿ ಉಳಿಯುತ್ತದೆ, ಎಫ್11 ಒತ್ತಿದರೆ ವಾಪಸ್. ಎಫ್1 ಸೆಲೆಕ್ಟ್, ಎಫ್2 ರೀಸೆಟ್, ಎಡ ಡಿಫಿಕಲ್ಟಿ ಎ ಬೇಕಾದರೆ ಎಫ್5, ಬಿ ಬೇಕಾದರೆ ಎಫ್6. ಮಗು ನಡೆ ಇಡುವ ಮೊದಲು ಎಫ್9 ಒತ್ತಿ, ಪರದೆ ಮಿಣುಕುವಾಗ ಬೇಡ. ಆಗ ಒತ್ತಿದರೆ ಉಳಿಯುವುದು ಯಂತ್ರ ಯೋಚಿಸುತ್ತಿರುವ ಸ್ಥಿತಿ, ಎಫ್11 ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತದೆ.